ಬಂಕೆಯ
ಬಂಕೆಯ (ಬಂಕೇಶ): 9ನೇ ಶತಮಾನದ ರಾಷ್ಟ್ರಕೂಟ ಸೇನಾನಿ, ಚೆಲ್ಲಕೇತನ ಮನೆತನದವನು. ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಇವನದೇ ಹೆಸರು. ಅಮೋಘವರ್ಷ ನೃಪತುಂಗನ ಅಪ್ಪಣೆಯಂತೆ ಗಂಗವಾಡಿಗೆ ದಂಡೆತ್ತಿ ಹೋಗಿ, ಕೇದಾಳದ ಕೋಟೆ ಹಿಡಿದು ಕಾವೇರಿ ದಾಟಿದ. ಅಷ್ಟರಲ್ಲಿ ರಾಜ್ಯದೊಳಗೇ ದಂಗೆಯೆದ್ದಿತು. ದೊರೆ ಹಿಂದಕ್ಕೆ ಕರೆಸಿದ. ಮೂರು ತಿಂಗಳೊಳಗೆ ಶತ್ರುಗಳನ್ನು ಗೆಲ್ಲದಿದ್ದರೆ ಬೆಂಕಿಗೆ ಬೀಳುವೆನೆಂದು ಇವನು ಭಾಷೆ ಕೊಟ್ಟದ್ದನ್ನು ಕೊಣ್ಣೂರು ಶಾಸನ ಹೇಳುತ್ತದೆ. ದಂಗೆ ಅಡಗಿತು. ಬನವಾಸಿ ಮೊದಲಾದ 30,000 ಗ್ರಾಮಗಳ ಆಡಳಿತ ಇವನ ಕೈಯಲ್ಲಿತ್ತು. ಇಷ್ಟು ಬಲ ಬಂದ ಮೇಲೂ ಒಡೆಯನ ವಿರುದ್ಧ ಕತ್ತಿ ಎತ್ತದಿದ್ದುದೇ ಇವನ ದೊಡ್ಡತನ. ಬೇಡಿದ್ದೂ ತನಗಾಗಿ ಅಲ್ಲ: 860ರಲ್ಲಿ ಇವನ ಬಿನ್ನಹದ ಮೇರೆಗೆ, ಕೊಳನೂರಿನಲ್ಲಿ ಇವನೇ ಕಟ್ಟಿಸಿದ ಬಸದಿಗೆ ದೊರೆ ದತ್ತಿ ಬಿಟ್ಟ. ಮಗ ಲೋಕಾದಿತ್ಯ ಬಂಕಾಪುರದಿಂದ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ಜೈನ ಗ್ರಂಥ ‘ಉತ್ತರಪುರಾಣ’ಕ್ಕೆ ಪೂಜೆ ಸಂದಿತು. ಅಲ್ಲಿನ ಕೋಟೆಯೊಳಗಿನ ಅರವತ್ತು ಕಂಬದ ನಗರೇಶ್ವರ ಗುಡಿ ಬಂಕೆಯನ ನಂತರದ ಕಾಲದ್ದು.