ಮಧುರೆಯ ಸುಲ್ತಾನ ಮಾತು ಉಳಿಸಿಕೊಂಡಿದ್ದರೆ

ಟಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯಲ್ಲಿ ಸೋಮನಾಥಪುರ ಸಿಗುತ್ತದೆ. ಅಲ್ಲಿನ ಕೇಶವ ದೇವಾಲಯಕ್ಕೆ ನಮ್ಮ ಮಕ್ಕಳೂ ಶಾಲೆಯ ಪ್ರವಾಸದಲ್ಲಿ ಹೋಗಿ ಬರುತ್ತಾರೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ ದಂಡನಾಯಕ ಸೋಮನಾಥ ಅದನ್ನು ಕಟ್ಟಿಸಿದನೆಂದು ಪಾಠದಲ್ಲೇ ಓದುತ್ತಾರೆ. ಆದರೆ ಆ ನರಸಿಂಹನ ಮಗ ಮೂರನೆಯ ವೀರಬಲ್ಲಾಳ ಹೇಗೆ ಸತ್ತ ಎಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಕೊಲ್ಲಿಸಿದವನ ಹೆಸರು ಗಿಯಾಸುದ್ದೀನ್. ಹೆಸರು ನಮ್ಮದಾದ್ದರಿಂದ ಬಾಯಿ ಕಟ್ಟುತ್ತದೆ. ಹುಡುಗರ ಮೊಬೈಲಿಗೆ ಇಂಥ ಕಥೆಗಳು ಅರ್ಧಂಬರ್ಧವಾಗಿ, ಬೈಗುಳದ ಜೊತೆ ಬರುತ್ತವೆ. ಅದಕ್ಕಿಂತ ಮಸೀದಿಯಲ್ಲೇ ಪೂರ್ತಿ ಕೇಳುವುದು ಮೇಲೆಂದು ನಾವು ಇದನ್ನು ಜುಮಾದ ಮಾತಿಗೆ ಎತ್ತಿಕೊಂಡೆವು.

ದೆಹಲಿಯ ತುಘಲಕರಿಂದ ಬೇರ್ಪಟ್ಟು ಮಧುರೆಯಲ್ಲಿ ಒಂದು ಸಣ್ಣ ಸಲ್ತನತ್ ಹುಟ್ಟಿತ್ತು. 1340ರ ಹೊತ್ತಿಗೆ ಗಿಯಾಸುದ್ದೀನ್ ದಾಮಘಾನಿ ಅದರ ಸುಲ್ತಾನನಾದ. ಮುಂದಿನದನ್ನು ನಮಗೆ ತಿಳಿಸುವವನು ಇಬ್ನ್ ಬತೂತಾ. ಅವನು ಖಾಝಿ. ಅವನೂ ದಾಮಘಾನಿಯೂ ಅಕ್ಕತಂಗಿಯರನ್ನು ಮದುವೆಯಾದವರು. ಶತ್ರುವಿನ ಸಾಕ್ಷಿ ಎಂದು ತಳ್ಳಿಹಾಕುವ ಹಾಗಿಲ್ಲ.

1342ರ ಸುಮಾರಿಗೆ ಬಲ್ಲಾಳ ತಿರುಚಿನಾಪಳ್ಳಿ ಬಳಿಯ ಕಣ್ಣನೂರು ಕೊಪ್ಪಂ ಕೋಟೆಯನ್ನು ಮುತ್ತಿದ. ಅವನ ದೊಡ್ಡ ಸೈನ್ಯದಲ್ಲಿ ಸುಮಾರು 20,000 ಮುಸ್ಲಿಮರೂ ಇದ್ದರಂತೆ. ಇಬ್ನ್ ಬತೂತಾ ಅವರನ್ನು ಪುಂಡರು, ಓಡಿಬಂದ ಗುಲಾಮರು ಎಂದು ಹಳಿಯುತ್ತಾನೆ. ಹಳಿದರೂ ಲೆಕ್ಕ ಬಿಟ್ಟಿಲ್ಲ. ಒಳಗೆ ಸಿಕ್ಕಿಬಿದ್ದ ಸುಲ್ತಾನನ ಸೈನಿಕರಿಗೆ 14 ದಿನದ ದಿನಸಿ ಮಾತ್ರ ಉಳಿದಿತ್ತು. ಕೋಟೆ ಬಿಟ್ಟುಕೊಟ್ಟರೆ ಜೀವಸಹಿತ ಹೋಗಬಹುದು ಎಂದು ಬಲ್ಲಾಳ ಹೇಳಿ ಕಳಿಸಿದ. ನಮ್ಮ ಸುಲ್ತಾನನನ್ನು ಕೇಳಬೇಕು ಎಂದರು ಅವರು. ಆಗಲಿ ಎಂದು 14 ದಿನದ ಗಡುವನ್ನೂ ಕೊಟ್ಟ.

ಪತ್ರ ಮಧುರೆಗೆ ಬಂತು. ಸುಲ್ತಾನ ಅದನ್ನು ಜುಮಾದ ದಿನ ಜನರ ಮುಂದೆ ಓದಿದ. ಜನ ಅತ್ತರು, ಪ್ರಾಣ ಕೊಡಲು ಸಿದ್ಧರೆಂದರು. ಸಣ್ಣ ದಂಡೊಂದು ಹೊರಟು, ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲಿ, ಕುದುರೆಗಳು ಮೇಯಲು ಹೋಗಿದ್ದಾಗ ಬಲ್ಲಾಳನ ಪಾಳೆಯದ ಮೇಲೆ ಬಿತ್ತು. ಸಿಕ್ಕಿಬಿದ್ದವರನ್ನು ಬಿಡಿಸಲು ಹೋದದ್ದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಶತ್ರು ಕೊಟ್ಟ ಗಡುವನ್ನೇ ದಾಳಿಗೆ ಬಳಸಿಕೊಂಡದ್ದರಲ್ಲಿ ಮನಸ್ಸು ಅಳುಕುತ್ತದೆ.

ಎಂಬತ್ತು ವರ್ಷದ ಮುದುಕ ಬಲ್ಲಾಳ ಕುದುರೆ ಏರಲು ಹೊರಟಾಗ ಸೆರೆಸಿಕ್ಕ. ದಾಮಘಾನಿ ಮೊದಲು ಮರ್ಯಾದೆಯಿಂದಲೇ ನಡೆಸಿಕೊಂಡ. ಬಿಟ್ಟುಬಿಡುತ್ತೇನೆಂದು ಮಾತು ಕೊಟ್ಟು ಅವನ ಹಣ, ಆನೆ, ಕುದುರೆಗಳನ್ನೆಲ್ಲ ತರಿಸಿಕೊಂಡ. ಎಲ್ಲ ಕೈಸೇರಿದ ಮೇಲೆ ಅವನನ್ನು ಕೊಲ್ಲಿಸಿ, ಚರ್ಮ ಸುಲಿಸಿ, ಹುಲ್ಲು ತುಂಬಿಸಿ ಮಧುರೆಯ ಗೋಡೆಗೆ ತೂಗುಹಾಕಿಸಿದ. ಅದು ತೂಗುತ್ತಿದ್ದುದನ್ನು ಇಬ್ನ್ ಬತೂತಾ ಕಣ್ಣಾರೆ ಕಂಡ.

ಅಂದು ದಾಮಘಾನಿ ಕೊಟ್ಟ ಮಾತಿನಂತೆ ಆ ಮುದುಕನನ್ನು ಮನೆಗೆ ಕಳಿಸಿದ್ದರೆ?

ಇದು ಬರೀ ಕಲ್ಪನೆಯಲ್ಲ, ಇದೇ ಬಲ್ಲಾಳನ ಬದುಕಿನಲ್ಲೇ ಇದಕ್ಕೊಂದು ನಿದರ್ಶನವಿದೆ. 1311ರಲ್ಲಿ ಮಲಿಕ್ ಕಾಫೂರ್ ದ್ವಾರಸಮುದ್ರಕ್ಕೆ ಬಂದಾಗ ಬಲ್ಲಾಳ ಶರಣಾದ, ಕಪ್ಪ ಕೊಟ್ಟ. ಸಿಂಹಾಸನ ಅವನಿಗೇ ಉಳಿಯಿತು. ದೆಹಲಿಗೆ ಹೋದ ಮಗ 1313ರಲ್ಲಿ ಕ್ಷೇಮವಾಗಿ ಮರಳಿದ. ಅಲಾವುದ್ದೀನ್ ಖಿಲ್ಜಿಯನ್ನು ದಯಾಳು ಎಂದು ಯಾರೂ ಹೇಳಲಾರರು, ಅವನು ಲೆಕ್ಕಾಚಾರದ ಮನುಷ್ಯ. ಆ ಲೆಕ್ಕಾಚಾರ ಕೂಡ ದಾಮಘಾನಿಗೆ ಇರಲಿಲ್ಲ.

ಬಲ್ಲಾಳ ಹೋದ ಮೇಲೆ ಅವನ ಮಗ ಪಟ್ಟಕ್ಕೆ ಬಂದರೂ ನಾಲ್ಕೈದು ವರ್ಷದೊಳಗೆ ಹೊಯ್ಸಳ ರಾಜ್ಯ ವಿಜಯನಗರದಲ್ಲಿ ಕರಗಿತು. 1346ರಲ್ಲಿ ಹರಿಹರನೂ ತಮ್ಮಂದಿರೂ ಶೃಂಗೇರಿಯಲ್ಲಿ ವಿಜಯೋತ್ಸವ ಮಾಡಿದರು. ಬುಕ್ಕನ ಮಗ ಕಂಪಣ ಮಧುರೆಯ ಮೇಲೆ ದಂಡೆತ್ತಿ ಹೋದ. 1378ರ ಹೊತ್ತಿಗೆ ಆ ಸಲ್ತನತ್ತೇ ಇಲ್ಲವಾಯಿತು. ಕಂಪಣನ ರಾಣಿ ಗಂಗಾದೇವಿ ಆ ಗೆಲುವನ್ನು ಸಂಸ್ಕೃತದಲ್ಲಿ ‘ಮಧುರಾ ವಿಜಯಂ’ ಎಂದು ಕಾವ್ಯವಾಗಿ ಬರೆದಳು. ಒಬ್ಬ ಮುದುಕನ ಬಿಡುಗಡೆಯಿಂದ ವಿಜಯನಗರ ಬೆಳೆಯುವುದು ನಿಲ್ಲುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಮಧುರೆಗೂ ಅದಕ್ಕೂ ನಡುವೆ, ಜೀವ ಉಳಿಸಿದ ಋಣದಲ್ಲಿರುವ ಒಂದು ರಾಜ್ಯ ಇನ್ನಷ್ಟು ಕಾಲ ಇರುತ್ತಿತ್ತು. ಇನ್ನೊಂದು ಕೋಟೆ ಮುತ್ತಿಗೆಗೆ ಸಿಕ್ಕಾಗ ಸುಲ್ತಾನನ ಮಾತನ್ನು ನಂಬುವವರೂ ಇರುತ್ತಿದ್ದರು. ಹುಲ್ಲು ತುಂಬಿದ ಆ ಚರ್ಮವನ್ನು ನೋಡಿದ ಯಾವ ದೊರೆ ಮಧುರೆಗೆ ಶರಣಾದಾನು?

ಉಹುದ್ ಯುದ್ಧದಲ್ಲಿ ಪ್ರವಾದಿಯವರ(ಸ) ಚಿಕ್ಕಪ್ಪ ಹಂಝಾರ(ರ) ದೇಹವನ್ನು ವಿರೂಪಗೊಳಿಸಿದ್ದರು. ಆ ನೋವುಂಡ ಪ್ರವಾದಿಯವರೇ(ಸ) ಶತ್ರುವಿನ ಶವವನ್ನು ವಿರೂಪಗೊಳಿಸಬಾರದೆಂದು ತಡೆದರು. ಹಿಜರಿ 8ರಲ್ಲಿ ಮಕ್ಕಾ ಕೈವಶವಾದಾಗ ಹಂಝಾರನ್ನು ಕೊಂದ ವಹ್ಶಿಗೂ, ಅದರ ಹಿಂದಿದ್ದ ಹಿಂದ್‌ಗೂ ಕ್ಷಮೆ ಸಿಕ್ಕಿತು. ನಿನ್ನೆಯ ವೈರಿಗಳೇ ಆಮೇಲೆ ಸಂಗಾತಿಗಳಾದರು. ದಾಮಘಾನಿಯ ಕಾಲಕ್ಕೆ ಇದು ಏಳು ಶತಮಾನ ಹಳೆಯ, ಎಲ್ಲರಿಗೂ ಗೊತ್ತಿದ್ದ ಸಂಗತಿ.

ದೊರೆಯ ನಡತೆ ಊರವರ ನೆನಪಿನಲ್ಲಿ ಹೇಗೆ ಕೂರುತ್ತದೆಂದು ನಂಜನಗೂಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಟಿಪ್ಪು ಸುಲ್ತಾನರು ದೇವಾಲಯಕ್ಕೆ ಪಚ್ಚೆ ಲಿಂಗ ಕೊಟ್ಟರೆಂದೂ, ಆನೆಯ ಕಣ್ಣು ವಾಸಿಯಾದದ್ದಕ್ಕೆ ಅಲ್ಲಿನ ದೇವರನ್ನು ‘ಹಕೀಂ ನಂಜುಂಡ’ ಎಂದರೆಂದೂ ಪ್ರತೀತಿ. ಟಿಪ್ಪುವಿನ ಯುದ್ಧಗಳ ಬಗ್ಗೆ ವಾದ ಬೇಕಾದಷ್ಟಿದೆ, ಅದು ಬೇರೆ ದಿನದ ಮಾತು. ಹಕೀಂ ಎಂಬ ಹೆಸರು ಮಾತ್ರ ಊರಿನ ಬಾಯಲ್ಲಿ ಉಳಿದಿದೆ.

“ಮಧುರೆಯ ವಿಷಯ ಎತ್ತಿದರೆ ನಾವೇನು ಹೇಳಬೇಕು ಹಝ್ರತ್?” ಎಂದು ಹುಡುಗರು ಕೇಳುತ್ತಾರೆ. ಇಬ್ನ್ ಬತೂತಾ ಬರೆದದ್ದನ್ನೇ ಹೇಳಿ ಎನ್ನುತ್ತೇವೆ. ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲಿಸುತ್ತಿದ್ದ ದಾಮಘಾನಿಯ ರೀತಿ ಹೇಯವಾದದ್ದು, ಬೇರೆ ಯಾವ ದೊರೆಯಲ್ಲೂ ತಾನು ಅದನ್ನು ಕಾಣಲಿಲ್ಲ ಎಂದು ಅವನು ಬರೆದಿಟ್ಟಿದ್ದಾನೆ. ಒಂದು ದಿನ ಸುಲ್ತಾನನ ಮುಂದೆ ಸೆರೆಯಾಳೊಬ್ಬನನ್ನು ತಂದು ಆಳುಗಳು ಚೂರಿ ಹಿರಿದಾಗ ಅವನು ಥಟ್ಟನೆ ಎದ್ದ. ಎಲ್ಲಿಗೆ ಎಂದು ಸುಲ್ತಾನ ಕೇಳಿದ. ನಮಾಝಿಗೆ ಎಂದು ಹೇಳಿ ಹೊರನಡೆದ. ಯಾಕೆ ಎದ್ದನೆಂಬುದು ಸುಲ್ತಾನನಿಗೂ ತಿಳಿಯಿತು.