ಇಯಾಶಿ ಕಥಾಸಾಹಿತ್ಯ

ಓದುಗರ ಮನಸ್ಸಿಗೆ ಸಮಾಧಾನ ತರುವ, ಮೆಲುದನಿಯ ಜಪಾನಿ ಕಥೆ-ಕಾದಂಬರಿಗಳಿಗೆ ಇರುವ ಹೆಸರು. ಇಯಾಶಿ ಎಂದರೆ ವಾಸಿಮಾಡುವಿಕೆ. ಪುಟ್ಟ ಕಾಫಿ ಅಂಗಡಿ, ಹಳೆಯ ಪುಸ್ತಕಗಳ ಮಳಿಗೆ, ಅಡುಗೆಮನೆ, ಬೆಕ್ಕು ಇವೇ ಈ ಕಥೆಗಳ ಲೋಕವಾದ್ದರಿಂದ ಇದು ನೋವನ್ನು ಮರೆಸುವ ಸಾಹಿತ್ಯವೆಂದು ಹಲವರು ಬಗೆದಿದ್ದಾರೆ. ಇದರ ಇತಿಹಾಸ ಹೇಳುವುದೇ ಬೇರೆ. ಜಪಾನಿನಲ್ಲಿ ಇಯಾಶಿ ಎಂಬ ಮಾತು ಎಲ್ಲರ ಬಾಯಿಗೆ ಬಂದದ್ದು 1995ರ ನಂತರ. ಆ ಜನವರಿಯಲ್ಲಿ ಕೋಬೆ ಪ್ರದೇಶದ ಭೂಕಂಪಕ್ಕೆ 6,000ಕ್ಕೂ ಹೆಚ್ಚು ಜನ ಬಲಿಯಾದರು. ಮಾರ್ಚ್‌ನಲ್ಲಿ ಓಂ ಶಿನ್ರಿಕ್ಯೊ ಪಂಥದವರು ಟೋಕಿಯೋದ ಸುರಂಗ ರೈಲುಗಳಲ್ಲಿ ಸರಿನ್ ವಿಷಾನಿಲ ಹರಡಿದರು. ಜಮೀನು, ಷೇರುಗಳ ಬೆಲೆ ಕುಸಿದು ಆರ್ಥಿಕತೆ ಅದಾಗಲೇ ಸೊರಗಿತ್ತು. ಬನಾನಾ ಯೋಶಿಮೊಟೊ ಅವರ ಇದೇ ಬಗೆಯ ಕಥೆ ‘ಕಿಚನ್’ 1988ರಷ್ಟು ಹಿಂದಿನದಲ್ಲವೇ ಎಂಬ ಆಕ್ಷೇಪ ಸರಿಯೇ. ಆದರೆ 1995 ಕೊಟ್ಟದ್ದು ಹೆಸರನ್ನು, ಹುಟ್ಟನ್ನಲ್ಲ. ಅಜ್ಜಿಯನ್ನು ಕಳೆದುಕೊಂಡ ಹುಡುಗಿ ಫ್ರಿಜ್ಜಿನ ಪಕ್ಕದಲ್ಲಿ ಮಾತ್ರ ನಿದ್ದೆ ಕಾಣುವ ಆ ಕಥೆಯಲ್ಲಿ ಈ ಪ್ರಕಾರದ ಮುಖ್ಯ ಲಕ್ಷಣ ಆಗಲೇ ಇದೆ: ಸಾವು ಮೊದಲು, ಸಾಂತ್ವನ ಆಮೇಲೆ.

ಕಳೆದುಹೋದದ್ದನ್ನು ಈ ಕಥೆಗಳು ಮರಳಿಸುವುದೂ ಇಲ್ಲ. ಪುಸ್ತಕದಂಗಡಿಗಳ ಸಿಬ್ಬಂದಿಯೇ ಮತ ಹಾಕಿ ಆರಿಸುವ ಹೊನ್ಯಾ ಪ್ರಶಸ್ತಿ 2004ರಲ್ಲಿ ಮೊದಲ ಸಲ ಸಂದದ್ದು ಯೋಕೊ ಒಗಾವಾ ಅವರ ಕಾದಂಬರಿಗೆ. ಅದರ ಗಣಿತದ ಪ್ರಾಧ್ಯಾಪಕನಿಗೆ ಹೊಸ ನೆನಪು 80 ನಿಮಿಷ ಮಾತ್ರ ನಿಲ್ಲುತ್ತದೆ, ಕೊನೆಯವರೆಗೂ ವಾಸಿಯಾಗುವುದಿಲ್ಲ. ತೋಶಿಕಾಝು ಕವಾಗುಚಿ ಅವರ 2015ರ ಕಾದಂಬರಿಯಲ್ಲಿ ಒಂದು ಕಾಫಿ ಅಂಗಡಿಯ ಕುರ್ಚಿಯಲ್ಲಿ ಕುಳಿತವರು ಹಿಂದಿನ ಕಾಲಕ್ಕೆ ಹೋಗಬಹುದು, ಆದರೆ ಅಲ್ಲಿ ಏನು ಮಾಡಿದರೂ ಇಂದು ಬದಲಾಗದು ಎಂಬುದೇ ಅಂಗಡಿಯ ನಿಯಮ. ಪಲಾಯನವೇ ಗುರಿಯಾಗಿದ್ದರೆ ಲೇಖಕ ಈ ನಿಯಮವನ್ನೇಕೆ ಇಡುತ್ತಿದ್ದರು? ಸಿದ್ಧ ಅಚ್ಚಿನ ಸರಕು ಎಂಬ ದೂರಿನಲ್ಲಿ ಮಾತ್ರ ಹುರುಳಿದೆ. ಒಂದು ಕಥೆ ಗೆದ್ದರೆ ಅದೇ ಅಂಗಡಿಯ ಸುತ್ತ ನಾಲ್ಕಾರು ಸಂಪುಟಗಳು ಬರುತ್ತವೆ, ಮುಖಪುಟಕ್ಕೊಂದು ಬೆಕ್ಕು ಬಂದು ಕೂರುತ್ತದೆ. ಆದರೂ ಆ ಬೆಕ್ಕನ್ನು ನಂಬಿ ಹಿರೊ ಅರಿಕಾವಾ ಅವರ 2012ರ ಕಾದಂಬರಿಯನ್ನು ಕೊಂಡವರಿಗೆ ಸಿಗುವುದು, ಸಾಯುವ ಮುನ್ನ ತನ್ನ ಬೆಕ್ಕಿಗೊಂದು ಮನೆ ಹುಡುಕುತ್ತ ಊರೂರು ಅಲೆಯುವ ಯುವಕನ ಕಥೆ. ಕನ್ನಡಕ್ಕೂ ಬಂದಿರುವ, ಟೆಟ್ಸುಕೊ ಕುರೊಯಾನಾಗಿ ಅವರ ‘ತೊತ್ತೋ-ಚಾನ್’ (1981) ಕಾದಂಬರಿಯಲ್ಲ, ಬಾಲ್ಯದ ನೆನಪು. ಈ ಪ್ರಕಾರಕ್ಕೆ ಸೇರದಿದ್ದರೂ ಅದರ ನಡೆ ಇದೇ. ಅದರಲ್ಲಿ ಮಕ್ಕಳು ನಕ್ಕು ನಲಿದ, ರೈಲುಬೋಗಿಗಳೇ ತರಗತಿಗಳಾಗಿದ್ದ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು.