ಮುಟ್ಟಿನ ಲೆಕ್ಕ, ಮಕ್ಕಳ ಲೆಕ್ಕ

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಇತಿಹಾಸ ಅಂದ್ರೆ ಕೋಟೆ, ಸುರಪುರದ ನಾಯಕರು, 1858ರ ಬಂಡಾಯ, ಮೆಡೋಸ್ ಟೇಲರ್... ಇಷ್ಟೇ. ಹೆಂಗಸರ ಮೈಗೂ ಒಂದು ಇತಿಹಾಸ ಇದೆ ಅಂತ ಯಾರೂ ಬರೆಯೋದಿಲ್ಲ. ಇವತ್ತು ಅದರದ್ದೇ ಒಂದು ಎಳೆ ಹಿಡಿದು ಬರೀತಿದ್ದೀನಿ.

ಮೊದಲು ಒಂದು ಲೆಕ್ಕ. ನಮ್ಮ ಅಜ್ಜಿಯರ ಕಾಲದ ಒಬ್ಬ ಹೆಂಗಸು 14ಕ್ಕೆ ಮೈನೆರೆದಳು, 45ಕ್ಕೆ ಮುಟ್ಟು ನಿಂತಿತು ಅಂದುಕೊಳ್ಳಿ. ನಡುವೆ ಏಳು ಹೆರಿಗೆ. ಬಸಿರು, ಆಮೇಲೆ ಮೊಲೆಯೂಡಿಸುವ ಕಾಲ ಸೇರಿ ಒಂದೊಂದಕ್ಕೆ ಎರಡು ವರ್ಷ ಮುಟ್ಟಿಲ್ಲ. ಉಳಿದದ್ದು ಹದಿನೇಳು ವರ್ಷ, ಅಂದರೆ ಸುಮಾರು 220 ಮುಟ್ಟು. ಈಗಿನವಳಿಗೆ ಎರಡೇ ಮಕ್ಕಳು. ಅವಳ ಲೆಕ್ಕ ಸುಮಾರು 350 ಆಗುತ್ತೆ. ಬೆವರ್ಲಿ ಸ್ಟ್ರಾಸ್‌ಮನ್ ಎಂಬ ವಿಜ್ಞಾನಿ ಆಫ್ರಿಕಾದ ಮಾಲಿ ದೇಶದ ಡೋಗೋನ್ ಜನರಲ್ಲಿ ಇದನ್ನೇ ಎಣಿಸಿದರು. ಅಲ್ಲೂ ಮುಟ್ಟಾದವರು ಬೇರೆ ಗುಡಿಸಲಲ್ಲಿ ಇರಬೇಕು, ನಮ್ಮಲ್ಲಿ ಹೊರಗೆ ಕೂಡಿಸಿದ ಹಾಗೆ. ಗುಡಿಸಲಿಗೆ ಬಂದವರನ್ನು ಲೆಕ್ಕ ಇಟ್ಟು ನೋಡಿದರೆ, ಜೀವಮಾನಕ್ಕೆಲ್ಲ ಸುಮಾರು 100 ಮುಟ್ಟು ಅಷ್ಟೇ!

ಈ ಲೆಕ್ಕಕ್ಕೂ ಕ್ಯಾನ್ಸರಿಗೂ ಏನು ಸಂಬಂಧ?

ಮಕ್ಕಳಿಲ್ಲದವರ ಮೈ ಬೇರೆ ಥರ ಅನ್ನೋ ಅನುಮಾನ ಹಳೆಯದು. 18ನೇ ಶತಮಾನದ ಆರಂಭದಲ್ಲೇ ಇಟಲಿಯ ರಾಮಾಝಿನಿ, ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಅಂತ ಬರೆದಿದ್ದ. 1842ರಲ್ಲಿ ರಿಗೋನಿ-ಸ್ಟೆರ್ನ್ ವೆರೋನಾ ನಗರದ ಮರಣದ ದಾಖಲೆ ತೆಗೆದು ಅದನ್ನೇ ತೋರಿಸಿದ. ಅಂಡಾಶಯದ ಸರದಿ ಬಂದದ್ದು 1971ರಲ್ಲಿ. ಈಜಿಪ್ಟಿನ ವೈದ್ಯ ಮಹಮೂದ್ ಫತಲ್ಲಾ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ತಿಂಗಳು ತಿಂಗಳು ಅಂಡ ಹೊರಬರುವಾಗ ಅಂಡಾಶಯದ ಮೇಲ್ಪದರ ಹರಿಯುತ್ತೆ. ಗಾಯ ಮಾಯಲು ಜೀವಕೋಶಗಳು ಒಡೆದು ಎರಡಾಗಬೇಕು. ಒಡೆದಷ್ಟೂ ಸಲ ತಪ್ಪಾಗುವ ಸಾಧ್ಯತೆ. ಬಿಡುವೇ ಇಲ್ಲದ ಈ ಹರಿಯುವ-ಮಾಯುವ ಕೆಲಸವೇ ಕ್ಯಾನ್ಸರಿಗೆ ದಾರಿ ಇರಬಹುದು ಅಂದರು. ದಿನಾ ಮೊಟ್ಟೆ ಇಡುವ ಸಾಕುಕೋಳಿಗಳಿಗೂ ಈ ಕ್ಯಾನ್ಸರ್ ಬರುತ್ತೆ ಅನ್ನೋದು ಅವರ ಮಾತಿಗೆ ಒತ್ತಾಸೆ.

ಆಮೇಲಿನ ಅಧ್ಯಯನಗಳು ಬಹುಪಾಲು ಅವರ ಕಡೆಗೇ ನಿಂತವು. ಬಸಿರು, ಮೊಲೆಯೂಡಿಸುವುದು, ಅಂಡ ಬಿಡುಗಡೆ ತಡೆಯುವ ಗುಳಿಗೆ, ಮೂರೂ ಅಪಾಯ ಇಳಿಸುತ್ತವೆ. 2008ರಲ್ಲಿ 21 ದೇಶಗಳ 45 ಅಧ್ಯಯನ ಒಟ್ಟುಮಾಡಿ ನೋಡಿದರು. ಗುಳಿಗೆಯನ್ನು ಐದೈದು ವರ್ಷ ತೆಗೆದುಕೊಂಡಂತೆ ಅಪಾಯ ಸುಮಾರು 20% ಇಳಿದಿತ್ತು. ಹಾಗಂತ ಎಲ್ಲರೂ ಗುಳಿಗೆ ನುಂಗಿ ಅಂತಲ್ಲ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ಅಪಾಯವನ್ನು ಅದೇ ಗುಳಿಗೆ ಸ್ವಲ್ಪ ಏರಿಸುತ್ತೆ.

ಈಗ ನಮ್ಮ ನಾಡಿಗೆ ಬರೋಣ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು, ಸರ್ಕಾರವೇ ಇಂಥ ಕೆಲಸಕ್ಕೆ ಇಳಿದದ್ದು ಜಗತ್ತಿನಲ್ಲೇ ಮೊದಲು ಅಂತಾರೆ. ಆದರೆ ಆಗ ನಾವು ನಿಜಾಮರ ಹೈದರಾಬಾದಿನಲ್ಲಿ ಇದ್ದವರು. ಕರ್ನಾಟಕಕ್ಕೆ ಸೇರಿದ್ದು 1956ರಲ್ಲಿ, ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ಕ್ಕೆ. ನಮ್ಮ ಹೆಂಗಸರಿಗೆ ಗುಳಿಗೆ ಪರಿಚಯವೇ ಕಡಿಮೆ. ಅವರಿಗೆ ಗೊತ್ತಿರೋದು 'ಆಪರೇಷನ್'. ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸಿಕೊಂಡವರೇ.

ಫತಲ್ಲಾ ಅವರ ವಾದ ತೊಡಕಾಗೋದು ಇಲ್ಲೇ ನೋಡಿ. ಆಪರೇಷನ್ನಿನಲ್ಲಿ ಕಟ್ಟುವುದು ಅಂಡನಾಳವನ್ನು. ಅಂಡ ಪ್ರತಿ ತಿಂಗಳೂ ಬರುತ್ತಲೇ ಇರುತ್ತೆ, ಅಂಡಾಶಯ ಹರಿಯುತ್ತಲೇ ಇರುತ್ತೆ. ಆದರೂ ಆಪರೇಷನ್ ಆದವರಲ್ಲಿ ಈ ಕ್ಯಾನ್ಸರ್ ಕಡಿಮೆ! ಅಮೆರಿಕದ ನರ್ಸುಗಳ ಮೇಲಿನ ಅಧ್ಯಯನ 1993ರಲ್ಲೇ ಇದನ್ನು ಹೇಳಿತ್ತು. 2001ರ ನಂತರ ಗಂಟು ಬಿಚ್ಚತೊಡಗಿತು. ಕ್ಯಾನ್ಸರಿನ ಅಪಾಯ ವಂಶದಲ್ಲೇ ಇದ್ದ ಹೆಂಗಸರ ಅಂಡನಾಳಗಳನ್ನು ನೆದರ್‌ಲ್ಯಾಂಡ್ಸಿನ ವೈದ್ಯರು ಪರೀಕ್ಷಿಸಿದಾಗ ಕ್ಯಾನ್ಸರಿನ ಮೊದಲ ಹೆಜ್ಜೆಗಳು ಅಲ್ಲಿ ಕಂಡವು. 'ಅಂಡಾಶಯದ ಕ್ಯಾನ್ಸರ್' ಅನ್ನೋದರಲ್ಲಿ ಬಹಳಷ್ಟು ಶುರುವಾಗೋದು ಅಂಡನಾಳದ ತುದಿಯಲ್ಲಿ ಅಂತ ಈಗ ನಂಬುತ್ತಾರೆ. ಅಂಡ ಬಿಡುಗಡೆಯಾದಾಗ ಸುರಿಯುವ ದ್ರವದಲ್ಲಿ ತೊಯ್ಯುವುದೂ ಆ ತುದಿಯೇ. ಹಾಗಾಗಿ ಫತಲ್ಲಾ ಪೂರ್ತಿ ಸೋಲಲಿಲ್ಲ, ಜಾಗ ಸ್ವಲ್ಪ ಪಕ್ಕಕ್ಕೆ ಸರಿಯಿತು ಅಷ್ಟೇ.

ಇದನ್ನೆಲ್ಲ ಬರೆಯೋಕೆ ಕಾರಣ ಸುರಪುರದ ನಮ್ಮ ಸೋದರತ್ತೆ. ಒಂದು ವರ್ಷ "ಹೊಟ್ಟಿ ಉಬ್ಬ್ಯಾದ, ಗ್ಯಾಸ್ ಆಗಿರಬೇಕು" ಅಂತ ಗುಳಿಗೆ ನುಂಗಿದರು. ಕಡೆಗೆ ಗೊತ್ತಾಗಿದ್ದು ಇದೇ ಕ್ಯಾನ್ಸರ್. ಆಸ್ಪತ್ರೆಯ ಮಂಚದ ಮೇಲೆ ಕೇಳಿದ್ದರು, "ತಮ್ಮಾ, ನನಗ ಮಕ್ಕಳಿಲ್ಲಂತ ಇದು ಬಂತೇನು?" ಜೀವಮಾನವೆಲ್ಲ ಬಂಜೆ ಅನ್ನಿಸಿಕೊಂಡವರು. ಈಗ ವಿಜ್ಞಾನವೂ ಅದನ್ನೇ ಅನ್ನುತ್ತಾ ಅನ್ನೋ ಹೆದರಿಕೆ.

ಇಲ್ಲ. ಅಪಾಯ ಅಂದರೆ ಸಾವಿರಾರು ಜನರ ಸರಾಸರಿ, ಒಬ್ಬರ ಹಣೆಬರಹ ಅಲ್ಲ. ಜಾಸ್ತಿ ಅಪಾಯ ಇರುವ ಪಾಶ್ಚಾತ್ಯ ದೇಶಗಳಲ್ಲೂ ಜೀವಮಾನದಲ್ಲಿ ಈ ಕ್ಯಾನ್ಸರ್ ಬರೋದು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಮಕ್ಕಳಿಲ್ಲದ ಬಹುಪಾಲು ಹೆಂಗಸರಿಗೆ ಬರೋದೇ ಇಲ್ಲ, ಆರು ಹೆತ್ತವರಿಗೂ ಬರಬಹುದು.

ಇನ್ನೊಂದು ಮಾತು. "ನೋಡ್ರಿ, ಚಿಕ್ಕಂದಿನಲ್ಲೇ ಮದುವಿ, ಮನಿ ತುಂಬ ಮಕ್ಕಳು, ಹಿಂದಿನವರು ಮಾಡಿದ್ದೇ ಸರಿ" ಅನ್ನೋರು ಬಂದೇ ಬರ್ತಾರೆ. ಅವರಿಗೆ ಹೇಳಿ, ಬೇಗ ಹೆರುವುದು, ಬಹಳ ಹೆರುವುದು ಗರ್ಭಕಂಠದ ಕ್ಯಾನ್ಸರಿನ ಅಪಾಯ ಏರಿಸುತ್ತೆ. ಹೆರಿಗೆಯಲ್ಲೇ ಸತ್ತ ಅಜ್ಜಿಯರು ಮುಟ್ಟು ನಿಲ್ಲುವ ವಯಸ್ಸು ತಲುಪಲೇ ಇಲ್ಲ, ಅವರನ್ನು ಯಾವ ಲೆಕ್ಕಕ್ಕೆ ಹಿಡೀತೀರಿ?

ಈ ಕ್ಯಾನ್ಸರನ್ನು ಮೊದಲೇ ಹಿಡಿಯುವ ಒಳ್ಳೆಯ ಪರೀಕ್ಷೆ ಇನ್ನೂ ಇಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಯೋಗ, ಅಂಥ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ ಅಂತ 2021ರಲ್ಲಿ ಹೇಳಿತು. ಹಾಗಾಗಿ ಮುಟ್ಟು ನಿಂತ ಮನೆಯ ಹಿರಿಯರು ವಾರಗಟ್ಟಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಮೇಲಿಂದ ಮೇಲೆ ಮೂತ್ರ ಅಂದರೆ ಗ್ಯಾಸ್ ಅಂತ ಬಿಡಬೇಡಿ. ಒಂದು ಸ್ಕ್ಯಾನ್ ಮಾಡಿಸಿ. ತಾಯಿಗೋ ಅಕ್ಕನಿಗೋ ಈ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.

ನಿಮ್ಮ ಮನೆಯ ಅಜ್ಜಿಯರ ಹೆರಿಗೆ ಲೆಕ್ಕ ಕೇಳಿದ್ದೀರಾ? ಕೇಳಿ, ಬರೆದಿಡಿ. ಅದೂ ಇತಿಹಾಸವೇ.